ಐದು ಮನೆಯ ಪ್ರೆಸ್ಸು

ಕೋಡಿಬಾಗದ ಶೂಟಿಂಗ್ ಕ್ಲಬ್ಬಿನ ಹಿಂದೆ
ತಗಡಿನ ಕೋಣೆ, ಅದರೊಳಗೆ ಐದು ಮನೆಯ ಪ್ರೆಸ್ಸು.
ಹಿಡಿಕೆ ಒಮ್ಮೆ ಕೆಳಗೆಳೆದರೆ
ಒಂದನೇ ಮನೆಯಲ್ಲಿ ಸುಟ್ಟ ಕೇಪು ಉದುರುತ್ತದೆ,
ಎರಡರಲ್ಲಿ ಹೊಸದು ಕೂರುತ್ತದೆ,
ಮೂರರಲ್ಲಿ ಮದ್ದು,
ನಾಲ್ಕರಲ್ಲಿ ಬಿರಡೆ, ಅದರ ಮೇಲೆ ಚರೆ,
ಐದರಲ್ಲಿ ಬಾಯಿ ಮಡಚಿಕೊಂಡ ತೋಟಾ
ಡಬ್ಬಕ್ಕೆ ಬೀಳುತ್ತದೆ.
ಒಂದೇ ಎಳೆತ, ಐದೂ ಮನೆಯಲ್ಲಿ ಹಬ್ಬ.
ಹೀಗಂತ ಅದರ ಜೊತೆ ಬಂದ ಪುಸ್ತಕದಲ್ಲಿದೆ.

ನನ್ನ ಕೈಯಲ್ಲಿ ಅದು ಹಾಗೆ ನಡೆದದ್ದು
ನೆನಪಿದ್ದ ಮಟ್ಟಿಗೆ ಎರಡು ಮಂಗಳವಾರ.

ಮತ್ತೆ ಕೇಪು ಅಡ್ಡ ಕೂತಿತು,
ಅಂಕೋಲೆಯ ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕವರ ಹಾಗೆ.
ಚರೆ ಚೆಲ್ಲಿತು. ನೆಲವೆಲ್ಲ ಸಾಸಿವೆ,
ಚಪ್ಪಲಿ ಜಾರಿ ಗೋಡೆ ಅಪ್ಪಿಕೊಂಡೆ.
ಕಾಳಿ ಸಮುದ್ರ ಸೇರುವ ಕಡೆಯಿಂದ ಬರುವ ಗಾಳಿ
ಯಾರೂ ಕೇಳದೆ ಉಪ್ಪು ತಂದು
ಸ್ಪ್ರಿಂಗಿಗೆ ಸವರಿ ಹೋಗುತ್ತಿತ್ತು.
ತಿರುಗುವ ತಟ್ಟೆ ಒಂದು ಕೂದಲೆಳೆ ಮೊದಲೇ ನಿಂತು
ಮುಂದೆ ಹೋಗಲೊಲ್ಲೆ ಅಂದಿತು.

ಈ ಯಂತ್ರದ ದೊಡ್ಡ ಮೋಸ ಏನೆಂದರೆ
ಅಳುವುದು ನಾಲ್ಕನೇ ಮನೆ,
ಚಿವುಟಿದವನು ಎರಡನೆಯದರಲ್ಲಿರುತ್ತಾನೆ.
ನಾನು ನಾಲ್ಕನ್ನೇ ಬಿಚ್ಚುತ್ತ ಕೂತೆ, ಮೂರು ಸಂಜೆ.
ಕನ್ನಡ ಸಾಲದೆ ಕೊಂಕಣಿಯಲ್ಲಿ,
ಅದೂ ಸಾಲದೆ ಮರಾಠಿಯಲ್ಲಿ ಬೈದೆ.
ಕೊನೆಗೆ ಪುಣೆಯ ಏಜೆಂಟನಿಗೆ ಎರಡು ಪುಟ ಬರೆದೆ:
ನಿಮ್ಮ ಮಾಲು ಸರಿಯಿಲ್ಲ.

ನೌಕಾಪಡೆಯ ಕೋವಿಕೋಣೆಯಲ್ಲಿ
ಇಪ್ಪತ್ತೆಂಟು ವರ್ಷ ಕಳೆದ ರಮಾಕಾಂತ ಉಳ್ವೇಕರರು
ಬಾಗಿಲಲ್ಲಿ ನಿಂತು ಎಲ್ಲ ನೋಡಿದರು.
"ಮಿಸ್ತ್ರಿ, ನಾಲ್ಕು ಮನೆ ಖಾಲಿ ಬಿಡು.
ಒಂದೇ ತೋಟಾ ಹಾಕು. ಒಂದೇ.
ಅದರ ಸಂಗಡ ನಡಿ."
ನಡೆದೆ.
ಮನೆ ಮನೆಯಲ್ಲೂ ನಿಂತು ಬಗ್ಗಿ ನೋಡಿದೆ.
ತಟ್ಟೆಯ ಅಡಿಯಲ್ಲಿ ಸಿಕ್ಕಿದ್ದು
ಚಪ್ಪಟೆಯಾದ ಒಂದು ಚರೆ.
ತಿಂಗಳ ಸಿಟ್ಟಿಗೆ ಅಷ್ಟೇ ತೂಕ.

ಆಮೇಲೆ ಯಂತ್ರ ಓಡಿತು. ನಾನೂ ಹಾರಾಡಿದೆ.
ಗಂಟೆಗೆ ಇನ್ನೂರು, ಮುನ್ನೂರು.

ಪಂದ್ಯದ ದಿನ ಸ್ನೇಹಲ್ ದುರ್ಗೇಕರ್
ಹನ್ನೊಂದನೇ ತಟ್ಟೆಗೆ ಕೋವಿ ಎತ್ತಿದಳು.
ಢಂ ಅನ್ನಬೇಕಾದಲ್ಲಿ
ಠುಸ್.
ಮಣ್ಣಿನ ತಟ್ಟೆ ನೆಟ್ಟಗೆ ಹೋಗಿ ಹುಲ್ಲಲ್ಲಿ ಬಿತ್ತು, ಇಡಿಯಾಗಿ.
ಹುಡುಗಿ ಎರಡನೇ ಈಡು ಹೊಡೆಯಲಿಲ್ಲ.
ಕಲಿಸಿದ ಹಾಗೆ ಕೋವಿ ಮುರಿದು
ನಳಿಗೆಯೊಳಗೆ ಬೆಳಕು ಹುಡುಕಿದಳು.
ಇರಲಿಲ್ಲ. ನಡುವೆ ಬಿರಡೆ ಕೂತಿತ್ತು.
ಇನ್ನೊಂದು ಈಡು ಬಿದ್ದಿದ್ದರೆ
ನಳಿಗೆ ಬಾಳೆಮೂತಿಯ ಹಾಗೆ ಬಿರಿಯುತ್ತಿತ್ತು,
ಅವಳ ಎಡಗೈ ಅಲ್ಲೇ ಇತ್ತು.

ಅವಳು ಬೈಯಲಿಲ್ಲ. ನನ್ನ ಕಡೆ ನೋಡಿದಳು, ಅಷ್ಟೆ.

ಆ ರಾತ್ರಿ ಉಳಿದ ತೋಟಾ ಎಲ್ಲ ಮೇಜಿಗೆ ಸುರಿದು
ಒಂದೊಂದರ ಬಾಯಿ ಸವರಿದೆ.
ಎರಡರದ್ದು ತುಸು ಒಳಗೆ ಕುಸಿದಿತ್ತು,
ಹಲ್ಲಿಲ್ಲದವರ ತುಟಿಯಂತೆ.
ಕೊಯ್ದೆ. ಚರೆ ಇದೆ, ಬಿರಡೆ ಇದೆ, ಕೇಪು ಇದೆ.
ಮದ್ದಿಲ್ಲ.

ಸ್ಪ್ರಿಂಗು ನೋಡಿದೆ, ಸರಿ. ತಟ್ಟೆ, ಸರಿ.
ಮದ್ದಿನ ಡಬ್ಬ ಅಲ್ಲಾಡಿಸಿದೆ, ಸರಿ.
ಹಿಡಿಕೆ ಹಿಡಿದು ಸುಮ್ಮನೆ ನಿಂತಾಗ ನೆನಪಾಯಿತು,
ಗುರುವಾರ, ಸ್ಕೂಟರಿನ ವಿಮೆಯವನ ಫೋನು.
ಕಿವಿಗೂ ಭುಜಕ್ಕೂ ನಡುವೆ ಅವನು,
ಅರ್ಧಕ್ಕೆ ಎಳೆದು ಬಿಟ್ಟ ಹಿಡಿಕೆ.
ಒಂದು ಸಲ ಅಲ್ಲ.
ಮೂರು ಸಲ ಹೂಂ ಅಂದಿದ್ದೆ ಅವನಿಗೆ.

ಉಳ್ವೇಕರರಿಗೆ ಹೇಳಿದೆ.
"ಗೊತ್ತಿತ್ತು" ಅಂದರು. ಚಹಾ ಕುಡಿದರು.

ಈಗ ಫೋನು ಹೊರಗೆ ಮೊಳೆಗೆ ನೇತಾಡುತ್ತದೆ, ಚೀಲದಲ್ಲಿ.
ಪುಣೆಯಿಂದ ಹೊಸ ಸ್ಪ್ರಿಂಗು ಬಂತು,
ತೊಂದರೆಗೆ ಕ್ಷಮೆ ಕೋರಿ, ದುಡ್ಡಿಲ್ಲದೆ.
ಅದನ್ನು ಹಾಕಿಲ್ಲ. ವಾಪಸೂ ಕಳಿಸಿಲ್ಲ. ಡ್ರಾವರಿನಲ್ಲಿದೆ.

ಸ್ನೇಹಲ್ ಬರುತ್ತಾಳೆ. ಪೆಟ್ಟಿಗೆ ಕೊಡುತ್ತೇನೆ.
ಅಲ್ಲೇ ನಿಂತು ಇಪ್ಪತ್ತೈದೂ ತೋಟಾದ ಬಾಯಿಯ ಮೇಲೆ
ಹೆಬ್ಬೆರಳು ಒತ್ತಿ ನೋಡುತ್ತಾಳೆ.
ನಾನು ಆ ಹೊತ್ತಿಗೆ ಎಣ್ಣೆಡಬ್ಬ ಹುಡುಕುತ್ತೇನೆ.